ಮಾಹುಲಿಯ ತಪ್ಪಲಿನ ತೇಗ

ಠಾಣೆ, ಡೊಂಬಿವಲಿ, ಕಲ್ಯಾಣಗಳಲ್ಲಿ ಬಿಡಾರ ಹೂಡಿ ಮುಂಬಯಿಯ ಕಚೇರಿಗಳಿಗೆ ಓಡಾಡುವ ನಮ್ಮವರ ಕಣ್ಣಿಗೆ ಕಾಡು ದಿನವೂ ಬೀಳುತ್ತದೆ. ಠಾಣೆಯವರ ಬೆನ್ನಿಗೇ ಯೇವೂರಿನ ಗುಡ್ಡವಿದೆ. ಮುಂಬ್ರಾ ದಾಟುವಾಗ ಪಾರಸಿಕದ ಬೆಟ್ಟ ರೈಲಿನ ಮೈಗೆ ತಾಗಿತೋ ಎನ್ನುವಷ್ಟು ಹತ್ತಿರ ಬರುತ್ತದೆ. ಡೊಂಬಿವಲಿಯ ಯಾವುದಾದರೂ ಎತ್ತರದ ಮಾಳಿಗೆ ಏರಿ ನಿಂತರೆ ದೂರದಲ್ಲಿ ಮಲಂಗಗಡದ ಕೋಡುಗಳು ಕಾಣುತ್ತವೆ. ಮಳೆಗಾಲದಲ್ಲಿ ಹಸಿರು, ದೀಪಾವಳಿ ಕಳೆದರೆ ಹೊಂಬಣ್ಣ, ಹೋಳಿಯ ಹೊತ್ತಿಗೆ ಬೂದು. ಬೇಸಗೆಯ ರಾತ್ರಿಗಳಲ್ಲಿ ಕೆಲವೊಮ್ಮೆ ಆ ಗುಡ್ಡಗಳ ಮೇಲೆ ಬೆಂಕಿಯ ಸಾಲೊಂದು ಹರಿದಾಡುವುದನ್ನೂ ನಾವು ಕಂಡಿದ್ದೇವೆ. ಕಂಡು ಒಮ್ಮೆ ಮರುಗಿ, ಇಳಿಯುವ ನಿಲ್ದಾಣ ಬಂದ ಕೂಡಲೆ ಮರೆತಿದ್ದೇವೆ.

ಈ ಕಾಡು ಯಾರದು, ಇದನ್ನು ನೋಡಿಕೊಳ್ಳುವವರು ಯಾರು, ನೋಡಿಕೊಳ್ಳುವುದೆಂದರೆ ಏನು ಮಾಡುತ್ತಾರೆ ಎಂಬುದನ್ನು ತಿಳಿಯಬೇಕೆಂದು ಕಳೆದ ಶಿವರಾತ್ರಿಯಾದ ಮೇಲೆ ಒಂದು ಭಾನುವಾರ ನಾವು ನಾಲ್ಕು ಮನೆಯವರು ಬುತ್ತಿ ಕಟ್ಟಿಕೊಂಡು ಮಾಹುಲಿಗೆ ಹೊರಟೆವು. ನಮ್ಮ ಜೊತೆಗೆ ಶಿರಸಿ ಸೀಮೆಯ ಹಿರಿಯರೊಬ್ಬರು ಇದ್ದರು. ಅಡಕೆ ತೋಟದಲ್ಲಿ ಹುಟ್ಟಿ ಬೆಳೆದು, ಮಗನ ಮನೆಯಲ್ಲಿರಲು ಡೊಂಬಿವಲಿಗೆ ಬಂದವರು. ಮಕ್ಕಳೆಲ್ಲ ಅವರನ್ನು ಅಜ್ಜ ಎಂದೇ ಕರೆಯುವುದು.

ಮಾಹುಲಿಗೆ ಹೋಗುವುದು ಕಷ್ಟವೇನಲ್ಲ. ಕಲ್ಯಾಣದಲ್ಲಿ ಹಳಿ ಎರಡಾಗುತ್ತದೆ. ಒಂದು ಕರ್ಜತದ ಕಡೆಗೆ, ಇನ್ನೊಂದು ಕಸಾರದ ಕಡೆಗೆ. ಕಸಾರದ ಗಾಡಿ ಹಿಡಿದು, ಟಿಟ್ವಾಳದ ಗಣಪನಿಗೆ ಕುಳಿತಲ್ಲಿಂದಲೇ ಕೈಮುಗಿದು, ಖಡವಲಿಯ ಬಳಿ ಭಾತಸಾ ನದಿಯನ್ನು ನೋಡಿ, ವಾಸಿಂದ ದಾಟಿದರೆ ಆಸನಗಾಂವ. ಅಲ್ಲಿಳಿದು ಆಟೋರಿಕ್ಷಾದಲ್ಲಿ ಹೋದರೆ ಬೆಟ್ಟದ ಬುಡದ ಹಳ್ಳಿ ಸಿಕ್ಕುತ್ತದೆ. ಸುಮಾರು ೨,೮೦೦ ಅಡಿ ಎತ್ತರದ ಮಾಹುಲಿ ಕೋಟೆ ಕನ್ನಡಿಗರಿಗೆ ಪೂರಾ ಪರಕೀಯವೂ ಅಲ್ಲ. ಶಹಾಜಿ ರಾಜರು ಮೊಗಲರಿಗೂ ಆದಿಲಶಾಹಿಗೂ ಎದುರು ನಿಂತು ಕಡೆಗೆ ೧೬೩೬ರಲ್ಲಿ ಬಿಟ್ಟುಕೊಟ್ಟದ್ದು ಈ ಕೋಟೆಯಲ್ಲೇ. ಆ ಬಳಿಕ ಅವರು ಬಿಜಾಪುರದ ಸೇವೆಗೆ ಸೇರಿ ಬೆಂಗಳೂರಿಗೆ ಬಂದರು. ಈಗಿನ ಚನ್ನಗಿರಿ ತಾಲ್ಲೂಕಿನ ಹೊದಿಗೆರೆಯಲ್ಲಿ ತೀರಿಕೊಂಡರು.

ಆದರೆ ಆ ದಿನ ನಮ್ಮನ್ನು ಹಿಡಿದು ನಿಲ್ಲಿಸಿದ್ದು ಕೋಟೆಯಲ್ಲ, ತಪ್ಪಲಿನ ಕಾಡು. ಎಲ್ಲಿ ನೋಡಿದರೂ ತೇಗ. ಎಲೆ ಉದುರಿಸಿಕೊಂಡು ಬೋಳಾಗಿ ನಿಂತ ಮರಗಳು. ಅವುಗಳ ನಡುವೆ ಮತ್ತಿ, ಕಗ್ಗಲಿ, ಹಿಪ್ಪೆ, ಅಲ್ಲಲ್ಲಿ ಕೆಂಡದಂತೆ ಹೂಬಿಟ್ಟ ಮುತ್ತುಗ. ಕಾಲಡಿಯ ತೇಗದೆಲೆ ಹಪ್ಪಳ ಮುರಿದ ಹಾಗೆ ಸದ್ದು ಮಾಡುತ್ತಿತ್ತು. ತೇಗವೆಂದರೆ ಅಪ್ಪಿದರೆ ಎರಡು ಕೈ ಸಾಲದ ಮರವೆಂದು ತಿಳಿದಿದ್ದ ಮಕ್ಕಳಿಗೆ ಇಲ್ಲಿಯ ಮರಗಳು ತೆಳ್ಳಗೆ ಕಂಡವು. ಇನ್ನೂ ಒಂದು ವಿಚಿತ್ರವನ್ನು ಅವರೇ ಗುರುತಿಸಿದರು: ಎಷ್ಟೋ ಕಡೆ ಒಂದೇ ಬುಡದಿಂದ ಎರಡು ಮೂರು ಕಾಂಡಗಳು ಎದ್ದಿದ್ದುವು.

ಅಜ್ಜ ಕೋಲಿನಿಂದ ಎಲೆ ಸರಿಸಿ ಬುಡವನ್ನು ತೋರಿಸಿದರು. “ನೋಡಿ ಮಕ್ಕಳೇ, ಇದು ಬಿತ್ತಿ ಬೆಳೆದ ಮರವಲ್ಲ. ಹಿಂದೆ ಯಾವಾಗಲೋ ಕಡಿದ ಮರದ ಮೋಟು ಚಿಗುರಿದ್ದು. ಕಬ್ಬು ಕಡಿದ ಮೇಲೆ ಕೂಳೆ ಬರುವುದಿಲ್ಲವೆ? ಹಾಗೆ.”

“ಅಜ್ಜಾ, ಮರ ಕಡಿಯುವುದು ಪಾಪ ಅಂತ ಶಾಲೆಯಲ್ಲಿ ಹೇಳಿದ್ದಾರೆ” ಎಂದಳು ಒಬ್ಬ ಹುಡುಗಿ.

“ನಿನ್ನ ಅಜ್ಜಿ ದಿನಾ ಬೆಳಗಾದರೆ ಅರಿಸಿನ ಕುಂಕುಮ ಇಡುವ ಹೊಸ್ತಿಲು ಯಾತರದು, ತಂಗೀ?” ಎಂದು ಕೇಳಿದರು ಅಜ್ಜ. ಹುಡುಗಿ ಸುಮ್ಮನಾದಳು. ಅಜ್ಜನೂ ಸುಮ್ಮನಾದರು. ಪ್ರಶ್ನೆ ಮಾತ್ರ ನಮ್ಮೆಲ್ಲರ ಜೊತೆಗೆ ನಡೆದು ಬಂತು.

ಪ್ರಶ್ನೆ ಸಣ್ಣದಲ್ಲ. ಮರ ಬೇಕು, ಕಾಡೂ ಬೇಕು. ಬಾಗಿಲು, ಮಂಚ, ತೊಟ್ಟಿಲು, ಮಣೆ, ಲಟ್ಟಣಿಗೆ ಇವೆಲ್ಲ ಬೇಕೆನ್ನುವವರು ಕಾಡಿಗೆ ಕೈಯನ್ನೇ ಹಚ್ಚಬಾರದೆನ್ನುವುದು ಎಷ್ಟು ಸರಿ? ಕೈ ಹಚ್ಚಬಹುದೆಂದರೆ, ಯಾರ ಕೈ, ಎಷ್ಟು, ಎಂದು? ಇದಕ್ಕೆ ಉತ್ತರ ಹುಡುಕಬೇಕಾದರೆ ಈ ಕಾಡಿನ ಹಿಂದಿನ ಕಥೆಯನ್ನು ಸ್ವಲ್ಪ ತಿಳಿಯಬೇಕು.

ಠಾಣೆ ಜಿಲ್ಲೆಯ ಕಾಡು ಯಾವತ್ತೂ ಮನುಷ್ಯನ ಕೈ ಸೋಂಕದ ಕಾಡಾಗಿರಲಿಲ್ಲ. ಇಲ್ಲಿಯ ವಾರಲಿ, ಠಾಕೂರ, ಮಹಾದೇವ ಕೋಳಿ, ಕಾತಕರಿ ಜನ ಕಾಡಿನಲ್ಲೇ ಬದುಕಿದವರು. ಕಾತಕರಿಗಳಿಗೆ ಆ ಹೆಸರು ಬಂದುದೇ ಕಗ್ಗಲಿಯ ಚೇಗನ್ನು ಬೇಯಿಸಿ ಕಾಚು ತೆಗೆಯುವ ಕಸುಬಿನಿಂದ ಎನ್ನುತ್ತಾರೆ. ನಮ್ಮ ಹಿರಿಯರ ಎಲೆಯಡಕೆಯ ತಟ್ಟೆಗೆ ಬಂದ ಕಾಚು ಅಂಥದೇ. ಇಲ್ಲಿಯ ರೈತರಿಗೆ ‘ರಾಬ್’ ಎಂಬ ಪದ್ಧತಿಯಿತ್ತು. ಮರದ ಸೊಪ್ಪು, ಸಣ್ಣ ಕೊಂಬೆ, ಹುಲ್ಲು, ಸಗಣಿಗಳನ್ನು ಭತ್ತದ ಸಸಿಮಡಿಯ ಮೇಲೆ ಹರಡಿ, ಮಳೆಗೆ ಮುಂಚೆ ಸುಟ್ಟು, ಆ ಬೂದಿಯಲ್ಲಿ ಬಿತ್ತುವುದು. ಮತ್ತಿಯ ಸೊಪ್ಪು ಅದಕ್ಕೆ ಬಹಳ ಮೆಚ್ಚಿನದು. ಬ್ರಿಟಿಷ್ ಸರಕಾರ ಕಾಡನ್ನು ಮೀಸಲು ಮಾಡಿ ಸೊಪ್ಪು ಕಡಿಯುವುದಕ್ಕೆ ತಡೆ ಹಾಕಿದಾಗ ಠಾಣೆ, ಕೊಲಾಬಾ ಜಿಲ್ಲೆಗಳಲ್ಲಿ ದೊಡ್ಡ ಅಸಮಾಧಾನವೆದ್ದಿತು. ಅದನ್ನು ವಿಚಾರಿಸಲು ೧೮೮೫ರಲ್ಲಿ ಅರಣ್ಯ ಆಯೋಗವೊಂದನ್ನು ನೇಮಿಸಬೇಕಾಯಿತು.

ಅಜ್ಜನಿಗೆ ರಾಬಿನ ಸಂಗತಿ ಹೇಳಿದಾಗ ಅವರ ಮುಖ ಅರಳಿತು. “ನಮ್ಮ ಸೊಪ್ಪಿನ ಬೆಟ್ಟದ ತಮ್ಮನಲ್ಲವೇ ಇದು!” ಎಂದರು. ಉತ್ತರ ಕನ್ನಡದ ಓದುಗರಿಗೆ ಸೊಪ್ಪಿನ ಬೆಟ್ಟವನ್ನು ವಿವರಿಸಬೇಕಾಗಿಲ್ಲ; ಉಳಿದವರಿಗಾಗಿ ಎರಡು ಮಾತು. ಅಡಕೆ ತೋಟಕ್ಕೆ ಗೊಬ್ಬರ ಬೇಕು, ಮುಚ್ಚಿಗೆಗೆ ಸೊಪ್ಪು ಬೇಕು. ಅದಕ್ಕಾಗಿ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೂ ಸರಕಾರಿ ಕಾಡನ್ನು ತೋಟಿಗನ ಉಪಯೋಗಕ್ಕೆ ಬಿಟ್ಟುಕೊಟ್ಟಿದ್ದಾರೆ. ನೆಲ ಸರಕಾರದ್ದು, ಸೊಪ್ಪಿನ ಹಕ್ಕು ತೋಟಿಗನದು. ಬಲ್ಲವನು ಮರದ ತುದಿಯನ್ನು ಬಿಟ್ಟು ಕೊಂಬೆ ಸವರುತ್ತಾನೆ. ಈ ವರ್ಷ ಸವರಿದ ಮರಕ್ಕೆ ಮುಂದೆ ಬಿಡುವು ಕೊಡುತ್ತಾನೆ. ಇಂಥವರ ಬೆಟ್ಟ ಇಂದಿಗೂ ದಟ್ಟವಾಗಿದೆ. ಆಸೆಬುರುಕನ ಬೆಟ್ಟ ಬೋಳಾಗಿದೆ. ಎರಡು ಬೆಟ್ಟಗಳು ಒಂದೇ ಊರಿನಲ್ಲಿ, ಒಂದೇ ಕಾನೂನಿನ ಕೆಳಗೆ, ಬೇಲಿಗೆ ಬೇಲಿ ತಾಗಿ ಇರುವುದುಂಟು.

ಮತ್ತೆ ಠಾಣೆಗೆ ಬರೋಣ. ೧೮೫೩ರ ಏಪ್ರಿಲ್ ೧೬ರಂದು ಬೋರಿ ಬಂದರದಿಂದ ಠಾಣೆಗೆ ಮೊದಲ ರೈಲು ಓಡಿತು. ಮರುವರ್ಷ ಅದು ಕಲ್ಯಾಣ ಮುಟ್ಟಿತು. ಹಳಿ ಹಾಸಲು ಒಂದು ಮೈಲಿಗೆ ೧,೭೬೦ರಿಂದ ೨,೦೦೦ ಮರದ ಸ್ಲೀಪರುಗಳು ಬೇಕಾಗುತ್ತಿದ್ದುವೆಂದು ಲೆಕ್ಕ. ಮುಂಬಯಿಯಿಂದ ಠಾಣೆಯ ೨೧ ಮೈಲಿಗೆ ಆ ಲೆಕ್ಕದಂತೆ ಕಡಿಮೆಯೆಂದರೂ ಸುಮಾರು ೩೭,೦೦೦ ಆಯಿತು. ಅದೂ ಒಂದೇ ಹಳಿಗೆ. ಸ್ಲೀಪರು ಶಾಶ್ವತವಲ್ಲ, ಹತ್ತು ಹನ್ನೆರಡು ವರ್ಷಕ್ಕೆ ಕೊಳೆಯುತ್ತದೆ, ಬದಲಾಯಿಸಬೇಕು. ದೇಶದ ಉದ್ದಗಲಕ್ಕೂ ಹಳಿ ಹಬ್ಬಿದಾಗ ಕಾಡುಗಳ ಗತಿ ಏನಾಯಿತೆಂಬುದನ್ನು ಊಹಿಸಬಹುದು. ಮರ ಮುಗಿದುಹೋಗುವ ವಸ್ತುವೆಂಬ ಅರಿವು ಸರಕಾರಕ್ಕೆ ಹುಟ್ಟಿದ್ದು ಆ ಕಾಲದಲ್ಲೇ. ಮುಂಬಯಿ ಪ್ರಾಂತಕ್ಕೆ ೧೮೪೭ರಲ್ಲೇ ಅಲೆಗ್ಸಾಂಡರ್ ಗಿಬ್ಸನ್ ಎಂಬ ವೈದ್ಯನನ್ನು ಮೊದಲ ಅರಣ್ಯ ಸಂರಕ್ಷಕನಾಗಿ ನೇಮಿಸಿದ್ದರು. ೧೮೬೨ರಲ್ಲಿ ನಮ್ಮ ಉತ್ತರ ಕನ್ನಡ ಮದರಾಸನ್ನು ಬಿಟ್ಟು ಮುಂಬಯಿ ಪ್ರಾಂತಕ್ಕೆ ಸೇರಿತು; ೧೯೫೬ರಲ್ಲಿ ಮೈಸೂರು ರಾಜ್ಯಕ್ಕೆ ಬರುವವರೆಗೂ ಅಲ್ಲಿಯೇ ಇತ್ತು. ಎಂದರೆ ತೊಂಬತ್ತು ವರ್ಷಕ್ಕೂ ಮಿಕ್ಕಿ ಹಳಿಯಾಳ-ದಾಂಡೇಲಿಯ ತೇಗವನ್ನೂ ಶಹಾಪುರ-ಮುರಬಾಡದ ತೇಗವನ್ನೂ ನೋಡಿಕೊಂಡದ್ದು ಒಂದೇ ಮುಂಬಯಿ ಅರಣ್ಯ ಇಲಾಖೆ. ಹೊಟ್ಟೆಪಾಡಿಗೆ ನಾವು ಮುಂಬಯಿಗೆ ಬರುವುದಕ್ಕೆ ಎಷ್ಟೋ ಮೊದಲೇ ನಮ್ಮ ನಾಡಿನ ಕಾಡು ಮುಂಬಯಿಯ ಖಾತೆಗೆ ಸೇರಿತ್ತು.

ಆ ಇಲಾಖೆ ಮಾಡಿದ ಕೆಲಸದ ತಿರುಳನ್ನು ನಮ್ಮ ಮನೆವಾರ್ತೆಯ ಭಾಷೆಯಲ್ಲೇ ಹೇಳಬಹುದು. ಕಾಡು ಗಂಟು, ವರ್ಷ ವರ್ಷದ ಬೆಳವಣಿಗೆ ಬಡ್ಡಿ. ಬಡ್ಡಿಯಲ್ಲಿ ಸಂಸಾರ ಮಾಡು, ಗಂಟನ್ನು ಮುಟ್ಟಬೇಡ. ಇದಕ್ಕಾಗಿ ಪ್ರತಿಯೊಂದು ವಿಭಾಗಕ್ಕೂ ಸುಮಾರು ಹತ್ತು ವರ್ಷಗಳ ‘ಕಾರ್ಯಯೋಜನೆ’ ಬರೆಯುತ್ತಾರೆ. ಕಾಡನ್ನು ಭಾಗ ಮಾಡಿ, ಯಾವ ವರ್ಷ ಯಾವ ‘ಕೂಪು’ ಕಡಿಯಬೇಕು, ಯಾವ ಮರಕ್ಕೆ ಗುರುತು ಹಾಕಬೇಕು, ಯಾವುದನ್ನು ಬೀಜಕ್ಕಾಗಿ ಉಳಿಸಬೇಕು, ಕಡಿದ ಮೇಲೆ ಎಷ್ಟು ವರ್ಷ ದನ ಬಿಡಬಾರದು ಎಂದೆಲ್ಲ ಅದರಲ್ಲಿ ಇರುತ್ತದೆ. ಮೋಟಿನ ಮೇಲೆ ಹತ್ತು ಚಿಗುರು ಬಂದರೆ ಒಂದೋ ಎರಡೋ ನೆಟ್ಟಗಿನವನ್ನು ಉಳಿಸಿ ಮಿಕ್ಕದ್ದನ್ನು ತೆಗೆಯುತ್ತಾರೆ. ಮಾಹುಲಿಯ ದಾರಿಯಲ್ಲಿ ಮಕ್ಕಳು ಕಂಡ ಜೋಡಿ ಕಾಂಡಗಳು ಈ ಬಗೆಯ ಬೆಳವಣಿಗೆಯ ಕುರುಹು.

ನೆಟ್ಟು ಬೆಳೆಸುವ ತೇಗದ ಲೆಕ್ಕ ಇನ್ನೂ ಸ್ವಾರಸ್ಯವಾಗಿದೆ. ಎರಡು ಮೀಟರಿಗೊಂದರಂತೆ ನೆಟ್ಟರೆ ಒಂದು ಹೆಕ್ಟೇರಿಗೆ ೨,೫೦೦ ಸಸಿ. ಐದು ವರ್ಷ ಆಗುವಷ್ಟರಲ್ಲಿ ಅವುಗಳ ತಲೆಗಳು ಒಂದಕ್ಕೊಂದು ತಾಗುತ್ತವೆ. ತೇಗಕ್ಕೆ ಬಿಸಿಲು ಬೇಕು. ನೆರಳಿನಲ್ಲಿ ಅದು ಸೊರಗುತ್ತದೆ. ಆಗ ಸರಿಸುಮಾರು ಅರ್ಧದಷ್ಟನ್ನು ಕಡಿದು ತೆಗೆಯುತ್ತಾರೆ. ಹತ್ತನೆಯ ವರ್ಷದ ಸುಮಾರಿಗೆ ಉಳಿದವುಗಳಲ್ಲಿ ಮತ್ತೆ ಅರ್ಧ. ಆಮೇಲೆ ಸೊಟ್ಟದ್ದು, ರೋಗದ್ದು, ಹಿಂದೆ ಬಿದ್ದದ್ದು ಎಂದು ನೋಡಿ ನೋಡಿ ವಿರಳ ಮಾಡುತ್ತ, ಐವತ್ತು ಅರವತ್ತು ವರ್ಷದ ಹೊತ್ತಿಗೆ ನೂರು ನೂರೈವತ್ತು ಒಳ್ಳೆಯ ಮರಗಳು ನಿಲ್ಲುತ್ತವೆ. ಕಡಿಯದೆ ಬಿಟ್ಟಿದ್ದರೆ ಎರಡೂವರೆ ಸಾವಿರ ಕಡ್ಡಿಗಳು ನಿಂತಿರುತ್ತಿದ್ದುವು. ನೀರಿಗೂ ಬೆಳಕಿಗೂ ಕಚ್ಚಾಡಿ ಎಲ್ಲಕ್ಕೂ ಹುಳು ಹಿಡಿಯುತ್ತಿತ್ತು. ಹುರುಳಿಯಾಗಲಿ ಮೂಲಂಗಿಯಾಗಲಿ ಒತ್ತಾಗಿ ಹುಟ್ಟಿದ ಮಡಿಯಲ್ಲಿ ಕೆಲವನ್ನು ಕಿತ್ತು ಬೇರೆಯದಕ್ಕೆ ಜಾಗ ಮಾಡಿಕೊಡುವುದು ನಮ್ಮ ಹೆಂಗಸರಿಗೆ ಗೊತ್ತಿರುವ ವಿದ್ಯೆಯೇ. ಕಡಿಯುವುದರಲ್ಲಿಯೂ ಪಾಲನೆಯುಂಟು ಎಂಬುದು ಇಷ್ಟರಿಂದ ತಿಳಿಯುತ್ತದೆ.

ಆದರೆ ಈ ಬಡ್ಡಿಯ ಶಾಸ್ತ್ರ ಕಾಗದದ ಮೇಲೆ ಎಷ್ಟು ಚೆಂದವೋ ಕಾಡಿನಲ್ಲಿ ಅಷ್ಟು ಸುಲಭವಲ್ಲ. ಮೊದಲನೆಯದಾಗಿ, ಗಂಟು ಎಷ್ಟೆಂದು ತಪ್ಪು ಎಣಿಸಿದರೆ ಬಡ್ಡಿಯೆಂದು ತಿಂದದ್ದು ಗಂಟೇ ಆಗಿರುತ್ತದೆ. ಉತ್ತರ ಕನ್ನಡದ ಬಿದಿರಿಗೆ ಆದದ್ದು ಹಾಗೆಯೇ. ಕಾಗದದ ಗಿರಣಿಗೆ ಸಾಗಿದ ಬಿದಿರು ಎಣಿಸಿದ್ದಕ್ಕಿಂತ ಬೇಗ ಬರಿದಾಗುತ್ತ ಬಂತು. ೧೯೭೦ರ ದಶಕದಲ್ಲಿ ಪರಿಸರ ವಿಜ್ಞಾನಿ ಮಾಧವ ಗಾಡಗೀಳರೂ ಅವರ ಸಂಗಡಿಗರೂ ಅದನ್ನು ಹೋಗಿ ನೋಡಿದರು. ಬಿದಿರು ಚೆನ್ನಾಗಿ ಬೆಳೆಯಲೆಂದು ಕಡಿಯುವವರು ಮೆಳೆಯ ಬುಡದ ಮುಳ್ಳನ್ನು ಸವರಿ ಸ್ವಚ್ಛ ಮಾಡುತ್ತಿದ್ದರು. ಊರಿನವರು ಹೇಳಿದ್ದು ಬೇರೆ: ಆ ಮುಳ್ಳೇ ಎಳೆಯ ಕಳಲೆಗೆ ಬೇಲಿ, ಅದನ್ನು ತೆಗೆದರೆ ದನಗಳು ಕಳಲೆಯನ್ನು ಮೇಯುತ್ತವೆ. ನೋಡಿದಾಗ ಊರಿನವರ ಮಾತೇ ನಿಜವಾಯಿತು. ಕಾಡಿಗೆ ಉಪಕಾರ ಮಾಡಲು ಹೋಗುವವನು ಮೊದಲು ಆ ಕಾಡಿನಲ್ಲಿ ಬದುಕಿದವರನ್ನು ಕೇಳಬೇಕೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಾಗಿಲ್ಲ.

ಎರಡನೆಯದು, ಹತ್ತಾರು ಜಾತಿಯ ಮರಗಳಿದ್ದ ಕಾಡನ್ನು ಕಡಿದು ಒಂದೇ ಜಾತಿಯನ್ನು ನೆಡುವ ಆಸೆ. ತೇಗಕ್ಕೆ ಬೆಲೆಯಿದೆ, ಆದುದರಿಂದ ಎಲ್ಲೆಲ್ಲೂ ತೇಗ. ಆದರೆ ತೇಗದ ತೋಪಿನಲ್ಲಿ ಹಣ್ಣಿಲ್ಲ, ಸೊಪ್ಪಿಲ್ಲ, ಜೇನಿಲ್ಲ. ಎಲೆ ತಿನ್ನುವ ಹುಳು ಬಂತೆಂದರೆ ತೋಪಿಗೆ ತೋಪೇ ಜಾಳಿಗೆಯಾಗುತ್ತದೆ. ಈ ಸಂಕಟವೂ, ಸಹಜವಾದ ಕಾಡಿನಲ್ಲಿ ಗುತ್ತಿಗೆಯವರು ಗುರುತು ಹಾಕಿದ ಒಂದು ಮರ ಬೀಳಿಸುವಾಗ ಸುತ್ತಲಿನ ಹಲವು ಮರಗಳು ಮುರಿಯುತ್ತಿದ್ದುದೂ ಸೇರಿ, ೧೯೮೩ರ ಸೆಪ್ಟೆಂಬರ್ ೮ರಂದು ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನ ಕಳಾಸೆಯ ಕಾಡಿಗೆ ನಡೆದು ಹೋಗಿ ಮರಗಳನ್ನು ಅಪ್ಪಿ ನಿಂತರು. ಅದೇ ಪಾಂಡುರಂಗ ಹೆಗಡೆಯವರ ಹೆಸರಿನೊಡನೆ ನಾವು ನೆನೆಯುವ ‘ಅಪ್ಪಿಕೋ’ ಚಳವಳಿ. “ಅಂದು ನಾವೂ ಹೋಗಿದ್ದೆವು” ಎಂದರು ಅಜ್ಜ. “ಮರ ಕಡಿಯಬಾರದೆಂದಲ್ಲ, ನಮ್ಮ ಮನೆಗೂ ಮರ ಬೇಕಿತ್ತು. ಕೇಳುವವರಿಲ್ಲದೆ ಕಡಿಯಬಾರದೆಂದು.”

ಆ ಬಳಿಕ ದೇಶದ ನೀತಿಯೇ ಬದಲಾಯಿತು. ೧೯೮೮ರ ರಾಷ್ಟ್ರೀಯ ಅರಣ್ಯ ನೀತಿ ಕಾಡಿನ ಮೊದಲ ಕೆಲಸ ನೆಲ-ನೀರು-ಹವೆಯನ್ನು ಕಾಯುವುದೆಂದೂ ಅದರಿಂದ ಬರುವ ಆದಾಯ ಆಮೇಲಿನದೆಂದೂ ಸಾರಿತು. ೧೯೯೬ರ ಡಿಸೆಂಬರ್ ೧೨ರಂದು ಗೋದಾವರ್ಮನ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ, ಕೇಂದ್ರ ಸರಕಾರ ಒಪ್ಪಿದ ಕಾರ್ಯಯೋಜನೆಯ ಪ್ರಕಾರವಲ್ಲದೆ ಕಾಡಿನಲ್ಲಿ ಮರ ಕಡಿಯಕೂಡದೆಂದು ಕಟ್ಟು ಮಾಡಿತು. ೨೦೦೦ದಲ್ಲಿ ಅದೇ ನ್ಯಾಯಾಲಯ ರಾಷ್ಟ್ರೀಯ ಉದ್ಯಾನ, ಅಭಯಾರಣ್ಯಗಳಿಂದ ಸತ್ತ ಮರ, ಗಾಳಿಗೆ ಬಿದ್ದ ಮರಗಳನ್ನೂ ತೆಗೆಯುವುದನ್ನು ತಡೆಯಿತು. ಹೀಗಾಗಿ ನಮ್ಮ ಠಾಣೆಯ ಸುತ್ತಿನಲ್ಲೇ ಕಾಡು ಎರಡು ಬಗೆಯಾಯಿತು. ಯೇವೂರಿನ ಗುಡ್ಡ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಭಾಗ. ಮಾಹುಲಿಯ ಪಕ್ಕದ್ದು ತಾನ್ಸಾ ಅಭಯಾರಣ್ಯ. ಅಲ್ಲಿ ನಾಟಾಕ್ಕಾಗಿ ಕೊಡಲಿ ಎತ್ತುವಂತಿಲ್ಲ. ಅದರಾಚೆ ಶಹಾಪುರ, ಮುರಬಾಡಗಳ ಮೀಸಲು ಅರಣ್ಯ. ಅಲ್ಲಿ ಯೋಜನೆಯಂತೆ ಕಡಿಯಬಹುದು. ಮರ ಒಂದೇ, ನೆಲ ಒಂದೇ. ನಡುವೆ ಇರುವುದು ಕಾಗದದ ಮೇಲಿನ ಗೆರೆ.

ಕಡಿಯುವುದನ್ನು ನಿಲ್ಲಿಸಿದರೆ ಕಾಡು ತಾನೇ ತಾನಾಗಿ ಆರೋಗ್ಯವಾಗಿರುತ್ತದೆಯೆ? ಒಳ್ಳೆಯ ಮಳೆ ಬೀಳುವ ದಟ್ಟ ಕಾಡಿನಲ್ಲಿ ಹೌದೆನ್ನಬಹುದು. ಎಂಟು ತಿಂಗಳು ಒಣಗಿ ನಿಲ್ಲುವ ನಮ್ಮ ಠಾಣೆಯ ಕಾಡಿನಲ್ಲಿ ಅಷ್ಟು ಸಲೀಸಲ್ಲ. ಮಾಹುಲಿಯಿಂದ ಇಳಿಯುವಾಗ ಅರಣ್ಯ ರಕ್ಷಕನೊಬ್ಬ ಸಿಕ್ಕಿದ. ಇಬ್ಬರು ಆದಿವಾಸಿ ಯುವಕರೊಡನೆ ದಾರಿಯ ಎರಡೂ ಪಕ್ಕ ಒಣ ಎಲೆಗಳನ್ನು ಗುಡಿಸಿ ಅಗಲವಾದ ಬರಿ ನೆಲದ ಪಟ್ಟಿಯನ್ನು ಮಾಡುತ್ತಿದ್ದ. ಇದಕ್ಕೆ ಬೆಂಕಿ ರೇಖೆ ಎನ್ನುತ್ತಾರೆ. ಬೆಂಕಿ ಬಂದರೆ ಅಲ್ಲಿ ಸುಡಲು ಏನೂ ಸಿಕ್ಕದೆ ನಿಲ್ಲಬೇಕು. “ಕಾಕಾ, ಹೋಳಿಯಿಂದ ಮಳೆಯವರೆಗೆ ನಮಗೆ ನಿದ್ದೆಯಿಲ್ಲ” ಎಂದು ಮರಾಠಿಯಲ್ಲಿ ಅಜ್ಜನಿಗೆ ಹೇಳಿದ. ಹಿಪ್ಪೆ ಹೂ ಆರಿಸುವವರು ಹೂ ಕಾಣಲೆಂದು ಬುಡದ ಎಲೆಗೆ ಬೆಂಕಿ ಕೊಡುವುದುಂಟು; ಹೊಸ ಹುಲ್ಲಿಗೆಂದು ದನಗಾಹಿಗಳು ಕೊಡುವುದುಂಟು; ಚಾರಣಕ್ಕೆ ಬಂದ ಪೇಟೆಯ ಹುಡುಗರು ಒಲೆ ಹೂಡಿ ಆರಿಸದೆ ಹೋಗುವುದುಂಟು. “ಬೀಡಿಯ ತುಂಡೂ ಸಾಕು” ಎಂದ. ದೊಡ್ಡ ತೇಗ ಬೆಂಕಿಗೆ ತಾಳಿಕೊಳ್ಳುತ್ತದೆ. ಸಾಯುವುದು ಆ ವರ್ಷ ಹುಟ್ಟಿದ ಸಸಿ. ವರ್ಷ ವರ್ಷ ಸುಟ್ಟ ಕಾಡಿನಲ್ಲಿ ಮುದುಕರಿರುತ್ತಾರೆ, ಮಕ್ಕಳಿರುವುದಿಲ್ಲ.

ಹಾಗೆಂದು ಬೆಂಕಿಯೆಲ್ಲ ಕೆಟ್ಟದ್ದೆನ್ನುವಂತೆಯೂ ಇಲ್ಲ. ನಮ್ಮ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಬೇಸಗೆಯ ಮೊದಲಲ್ಲೇ, ನೆಲದಲ್ಲಿ ಇನ್ನೂ ತೇವವಿರುವಾಗ, ಒಣ ಎಲೆಗೆ ಸಣ್ಣ ಬೆಂಕಿ ಕೊಡುತ್ತಿದ್ದರು. ‘ತರಗು ಬೆಂಕಿ’ ಎಂದು ಅದರ ಹೆಸರು. ೧೯೭೨ರ ವನ್ಯಜೀವಿ ಕಾಯಿದೆ ಬಂದು ಬೆಟ್ಟ ಅಭಯಾರಣ್ಯವಾದ ಮೇಲೆ ಅದು ನಿಂತಿತು. ತರಗು ಬೆಂಕಿ ನಿಂತದ್ದರಿಂದಲೇ ಲಂಟಾನ ಕಾಡನ್ನೆಲ್ಲ ಮುತ್ತಿತೆಂದು ಸೋಲಿಗರು ಹೇಳುತ್ತಾರೆ. ಅವರ ಮಾತಿನಲ್ಲಿ ಹುರುಳಿದೆಯೆಂದು ಅಲ್ಲಿ ಅಧ್ಯಯನ ಮಾಡಿದ ವಿಜ್ಞಾನಿಗಳೂ ಬರೆದಿದ್ದಾರೆ. ಚೆಂದದ ಹೂವಿಗಾಗಿ ಅಮೆರಿಕದ ಕಡೆಯಿಂದ ತಂದ ಆ ಲಂಟಾನ ಯೇವೂರಿನ ಗುಡ್ಡದಲ್ಲೂ ಪೊದೆಗಟ್ಟಿದೆ. ಅದರ ಕೆಳಗೆ ಬೇರೆ ಸಸಿ ಏಳುವುದಿಲ್ಲ. ಒಣಗಿದರೆ ಬೆಂಕಿಗೆ ಏಣಿಯಾಗುತ್ತದೆ. ಅದನ್ನು ಬೇರುಸಹಿತ ಕೀಳದೆ, ಕಿತ್ತ ಜಾಗದಲ್ಲಿ ಹುಲ್ಲೋ ಸಸಿಯೋ ಬರುವಂತೆ ಮಾಡದೆ, ಕಾಡು ತನ್ನಷ್ಟಕ್ಕೆ ಸರಿಹೋಗುತ್ತದೆ ಎಂದು ಕೈಕಟ್ಟಿ ಕುಳಿತರೆ ಉಳಿಯುವುದು ಲಂಟಾನವೇ.

ಕಾಡಿನ ಆರೋಗ್ಯವೆಂದರೆ ದಟ್ಟವಾಗಿರುವುದೊಂದೇ ಎಂದೂ ತಿಳಿಯಬಾರದು. ಕಾಡುಗೂಬೆ ಎಂಬ ಪುಟ್ಟ ಹಕ್ಕಿಯೊಂದಿದೆ. ೧೮೮೪ರ ಬಳಿಕ ಅದನ್ನು ಕಂಡವರಿಲ್ಲದೆ ಅಳಿದೇ ಹೋಯಿತೆಂದು ತಿಳಿದಿದ್ದರು. ೧೯೯೭ರಲ್ಲಿ ಉತ್ತರ ಮಹಾರಾಷ್ಟ್ರದ ಶಹಾದಾ ಬಳಿ ಮತ್ತೆ ಕಂಡಿತು. ೨೦೧೪ರಲ್ಲಿ, ಯಾರೂ ನಿರೀಕ್ಷಿಸದಂತೆ, ಇದೇ ತಾನ್ಸಾದಲ್ಲಿ ಸಿಕ್ಕಿತು. ಅದಕ್ಕೆ ಒಗ್ಗುವುದು ಇಂಥ ತೇಗದ ತೆರವಾದ ಕಾಡು. ಪೊಟರೆಯಿರುವ ಹಳೆಯ ಮರ ಬೇಕು, ನೆಲ ಕಾಣುವ ಬಯಲೂ ಬೇಕು. ನಾಟಾದ ಕಣ್ಣಿಗೆ ಪೊಟರೆಯ ಮರ ನಿಷ್ಪ್ರಯೋಜಕ, ಮೊದಲು ಕಡಿಯಬೇಕಾದದ್ದು. ಗೂಬೆಯ ಕಣ್ಣಿಗೆ ಅದೇ ಮನೆ. ಕಾಡನ್ನು ನೋಡಿಕೊಳ್ಳುವವನಿಗೆ ಎರಡು ಕಣ್ಣೂ ಇರಬೇಕು.

ಇನ್ನು ನವಿ ಮುಂಬಯಿಯ ಬಂಧುಗಳು ‘ನಮಗೆ ಕಾಡಿಲ್ಲ’ ಎನ್ನಬಾರದು. ಐರೋಲಿಯಿಂದ ಕೆಳಕ್ಕೆ ಠಾಣೆ ಕೊಲ್ಲಿಯ ದಡದುದ್ದಕ್ಕೂ ಇರುವುದು ಕಾಡೇ. ನಮ್ಮ ಕರಾವಳಿಯವರು ಕಾಂಡ್ಲಾ ಎಂದು ಕರೆಯುವ ಉಪ್ಪುನೀರಿನ ಕಾಡು. ಹಿಂದೆ ಇದನ್ನು ಸೌದೆಗಾಗಿ ಕಡಿಯುತ್ತಿದ್ದರು. ೨೦೦೫ರಲ್ಲಿ ಮುಂಬಯಿ ಉಚ್ಚ ನ್ಯಾಯಾಲಯ ಕಾಂಡ್ಲಾ ಕಡಿಯುವುದನ್ನು ನಿಷೇಧಿಸಿತು. ೨೦೧೨ರಲ್ಲಿ ರಾಜ್ಯ ಸರಕಾರ ಅದಕ್ಕಾಗಿಯೇ ಪ್ರತ್ಯೇಕ ವಿಭಾಗ ತೆರೆಯಿತು. ೨೦೧೫ರಲ್ಲಿ ಕೊಲ್ಲಿಯ ಒಂದು ಭಾಗ ರಾಜಹಂಸಗಳ ಅಭಯಾರಣ್ಯವಾಯಿತು. ೨೦೨೨ರಲ್ಲಿ ಅದಕ್ಕೆ ರಾಮಸಾರ್ ಮನ್ನಣೆಯೂ ಸಿಕ್ಕಿತು. ಇಲ್ಲಿ ಕೊಡಲಿಗೆ ಕೆಲಸವೇ ಇಲ್ಲ. ಆದರೂ ಪಾಲನೆ ಬೇಕು, ಬೇರೆ ಬಗೆಯದು. ಕಾಂಡ್ಲಾದ ಪ್ರಾಣವಿರುವುದು ಉಬ್ಬರ ಇಳಿತದ ನೀರಿನಲ್ಲಿ. ರಸ್ತೆಗೋ ಕಟ್ಟಡಕ್ಕೋ ಮಣ್ಣು ಸುರಿದು ನೀರು ಹೋಗಿ ಬರುವ ಕಾಲುವೆಯನ್ನು ಮುಚ್ಚಿದರೆ, ಒಂದು ಗಿಡವನ್ನೂ ಕಡಿಯದೆ ಇಡೀ ಕಾಡನ್ನು ಕೊಲ್ಲಬಹುದು. ಅಲ್ಲಿಯ ಅರಣ್ಯ ರಕ್ಷಣೆಯೆಂದರೆ ನೀರಿನ ದಾರಿ ತೆರೆದಿಡುವುದು. ಮಾಹುಲಿಯಲ್ಲಿ ಎಲೆ ಗುಡಿಸುವುದು, ಯೇವೂರಿನಲ್ಲಿ ಲಂಟಾನ ಕೀಳುವುದು, ಶಹಾಪುರದಲ್ಲಿ ಅಳೆದು ಕಡಿಯುವುದು, ಐರೋಲಿಯಲ್ಲಿ ನೀರಿಗೆ ದಾರಿ ಬಿಡುವುದು. ಒಂದೇ ಕಟ್ಟಳೆ ಎಲ್ಲ ಕಾಡಿಗೂ ಹೊಂದುವುದಿಲ್ಲ.

‘ನಮ್ಮ ಕಾಡನ್ನು ಕಡಿಯದಿದ್ದರಾಯಿತು’ ಎನ್ನುವವರಿಗೆ ಇನ್ನೊಂದು ಸಂಗತಿ ಹೇಳಬೇಕು. ಹೊಸ ಹೊಸ ಕಟ್ಟಡಗಳು ಏಳುತ್ತಿರುವ ಈ ನಗರಗಳಲ್ಲಿ ಬಾಗಿಲು ಚೌಕಟ್ಟಿಗೆ ಬರುವ ಮರದಲ್ಲಿ ಬಹಳಷ್ಟು ಹಡಗಿನಲ್ಲಿ ಬಂದದ್ದು. ಬರ್ಮಾ ತೇಗಕ್ಕೆ ನಮ್ಮಲ್ಲಿ ದೊಡ್ಡ ಹೆಸರು. ೨೦೧೪ರಲ್ಲಿ ಆ ದೇಶ ದಿಮ್ಮಿಗಳನ್ನು ಹೊರಗೆ ಕಳಿಸುವುದನ್ನು ನಿಲ್ಲಿಸಿದ ಮೇಲೆ ಆಫ್ರಿಕಾದಿಂದ, ದಕ್ಷಿಣ ಅಮೆರಿಕದಿಂದ ತೇಗ ಬರುತ್ತಿದೆ. ಮನೆ ಮುಂದಿನ ಮರಕ್ಕೆ ಅರಿಸಿನ ದಾರ ಕಟ್ಟಿ, ಬಾಗಿಲಿಗೆ ಬೇರೆಯವರ ನಾಡಿನ ಮರವನ್ನು ತರಿಸಿದರೆ ಪಾಪದ ಹೊರೆ ಇಳಿಯಲಿಲ್ಲ, ಕಣ್ಣಿಗೆ ಮರೆಯಾಯಿತಷ್ಟೆ. ಒಳ್ಳೆಯ ಲೆಕ್ಕವಿಟ್ಟು, ನೆಟ್ಟ ತೋಪಿನಲ್ಲೂ ರೈತನ ಹೊಲದ ಬದುವಿನಲ್ಲೂ ಮರ ಬೆಳೆದು ಕಡಿಯುವುದು ಅದಕ್ಕಿಂತ ಪ್ರಾಮಾಣಿಕವ್ಯವಹಾರ.

ಉಳಿದದ್ದು ‘ಯಾರ ಕೈ’ ಎಂಬ ಪ್ರಶ್ನೆ. ೨೦೦೬ರ ಅರಣ್ಯ ಹಕ್ಕು ಕಾಯಿದೆ ಕಾಡಂಚಿನ ಗ್ರಾಮಸಭೆಗೆ ತಾನು ಹಿಂದಿನಿಂದ ಕಾಯ್ದುಕೊಂಡು ಬಂದ ಕಾಡನ್ನು ರಕ್ಷಿಸುವ, ಬೆಳೆಸುವ, ನಿರ್ವಹಿಸುವ ಹಕ್ಕನ್ನು ಕೊಟ್ಟಿದೆ. ಇದೇ ಮಹಾರಾಷ್ಟ್ರದ ಗಡಚಿರೋಲಿಯ ಮೇಂಡಾ-ಲೇಖಾ ಎಂಬ ಗೊಂಡರ ಹಳ್ಳಿ ೨೦೦೯ರಲ್ಲಿ ಆ ಹಕ್ಕು ಪಡೆದು, ೨೦೧೧ರಿಂದ ತನ್ನ ಬಿದಿರನ್ನು ತಾನೇ ಕಡಿದು ಮಾರಿತು. ಇಲಾಖೆಗೆ ಶಾಸ್ತ್ರ ಗೊತ್ತು, ಹಳ್ಳಿಗೆ ನೆಲ ಗೊತ್ತು. ಬಿದಿರಿನ ಮುಳ್ಳಿನ ಕಥೆಯನ್ನು ನೆನೆದರೆ ಎರಡೂ ಒಂದೆಡೆ ಕೂರಬೇಕಾದ ಅಗತ್ಯ ತಾನೇ ತಿಳಿಯುತ್ತದೆ. ಆ ದಿನ ಬೆಂಕಿ ರೇಖೆಯ ಮೇಲೆ ರಕ್ಷಕನೂ ಹಳ್ಳಿಯ ಇಬ್ಬರು ಹುಡುಗರೂ ಒಟ್ಟಿಗೆ ಗುಡಿಸುತ್ತಿದ್ದುದನ್ನು ನೋಡಿ ನಮಗೆ ಸಂತೋಷವಾದುದು ಅದಕ್ಕಾಗಿಯೇ.

ಪೇಟೆಯವರಾದ ನಾವು ಮಾಡಬಹುದಾದದ್ದು ದೊಡ್ಡದೇನಲ್ಲ, ಆದರೆ ಇಲ್ಲದೆಯೂ ಇಲ್ಲ. ಫೆಬ್ರವರಿಯಿಂದ ಮಳೆ ಬರುವವರೆಗೆ ಬೆಟ್ಟಕ್ಕೆ ಹೋದವರು ಒಲೆ ಹೂಡದಿರಲಿ, ಬೀಡಿ ಸಿಗರೇಟು ಸೇದದಿರಲಿ. ಕಾಡಿನಲ್ಲಿ ಹೊಗೆ ಕಂಡರೆ ಅರಣ್ಯ ಇಲಾಖೆಗೆ ತಿಳಿಸುವುದಕ್ಕೆ ಒಂದು ನಿಮಿಷ ಸಾಕು. ಸಂಘದಿಂದ ವನಮಹೋತ್ಸವ ಮಾಡುವವರು ಸಸಿ ನೆಟ್ಟು ಭಾವಚಿತ್ರ ತೆಗೆಸಿಕೊಂಡಲ್ಲಿಗೆ ಮುಗಿಸದೆ, ಮೂರು ಬೇಸಗೆ ಅದಕ್ಕೆ ಬೆಂಕಿ ತಾಗದಂತೆ ನೋಡುವ ಹೊಣೆಯನ್ನೂ ಹೊರಲಿ. ನೂರು ಸಸಿ ನೆಡುವುದಕ್ಕಿಂತ ಹತ್ತನ್ನು ಉಳಿಸುವುದು ಮೇಲು. ಮನೆಗೆ ಮರ ಕೊಳ್ಳುವಾಗ ಅದು ಎಲ್ಲಿಯದೆಂದು ಅಂಗಡಿಯವನನ್ನು ಕೇಳೋಣ. ನಾಲ್ಕು ಜನ ಕೇಳಿದರೆ ಐದನೆಯವನಿಗೆ ಅವನು ಉತ್ತರ ಸಿದ್ಧ ಇಟ್ಟುಕೊಳ್ಳುತ್ತಾನೆ. ಹಳೆಯ ಮನೆ ಕೆಡಹುವಾಗ ಬಂದ ತೇಗದ ಬಾಗಿಲನ್ನು ಗುಜರಿಗೆ ಹಾಕದೆ ಮತ್ತೆ ಬಳಸೋಣ. ನೂರು ವರ್ಷದ ತೇಗ ಇನ್ನೂ ನೂರು ವರ್ಷ ಬಾಳುತ್ತದೆ.

ಮಾಹುಲಿಗೆ ಹೋಗಬೇಕೆನ್ನುವವರು ದೀಪಾವಳಿಯಿಂದ ಶಿವರಾತ್ರಿಯೊಳಗೆ ಹೋಗಿ ಬರುವುದು ಒಳ್ಳೆಯದು. ಬೆಳಗಿನ ಕಸಾರ ಗಾಡಿ ಹಿಡಿದರೆ ಬಿಸಿಲೇರುವ ಮೊದಲು ತಪ್ಪಲು ಸೇರಬಹುದು. ಕುಡಿಯುವ ನೀರನ್ನು ಹೊತ್ತುಕೊಂಡೇ ಹೋಗಬೇಕು. ಜೊತೆಗೆ ಹಳ್ಳಿಯವರೊಬ್ಬರನ್ನು ಕರೆದುಕೊಳ್ಳಿ; ದಾರಿಗೆ ಮಾತ್ರವಲ್ಲ, ಯಾವ ಬುಡದಲ್ಲಿ ಎಷ್ಟು ಚಿಗುರು ಬಂದಿದೆ, ಯಾವುದನ್ನು ಉಳಿಸಬೇಕು ಎಂದು ಅವರೇ ತೋರಿಸಿಕೊಡುತ್ತಾರೆ.